ಹನ್ನೆರಡು ಪದಗಳ ಗಾಳ

ಬೆಂಗಳೂರು ನಗರ ಪೊಲೀಸರು 2021ರ ನವೆಂಬರ್‌ನಲ್ಲಿ ಒಂದು ದೀರ್ಘ ಪತ್ರಿಕಾ ಪ್ರಕಟಣೆ ಹೊರಡಿಸಿದರು. ಶ್ರೀಕಿ ಎಂದೇ ಎಲ್ಲರಿಗೂ ಗೊತ್ತಿರುವ ಹ್ಯಾಕಿಂಗ್ ಆರೋಪಿ ಶ್ರೀಕೃಷ್ಣ ರಮೇಶ್ ಪ್ರಕರಣದ ಕುರಿತದ್ದು ಅದು. ಪಕ್ಷಗಳು ತಮಗೆ ಬೇಕಾದ್ದನ್ನು ಅದರಿಂದ ಎತ್ತಿಕೊಂಡವು, ಟಿ.ವಿ.ಯವರು ತಮಗೆ ಬೇಕಾದ್ದನ್ನು ಎತ್ತಿಕೊಂಡರು. ಅದರೊಳಗಿದ್ದ ಒಂದು ಸಂಗತಿಯ ಮುಂದೆ ಮಾತ್ರ ಯಾರೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಆ ವರ್ಷದ ಜನವರಿಯಲ್ಲಿ ಪೊಲೀಸರ ಕೇಂದ್ರ ಅಪರಾಧ ವಿಭಾಗ ಸಿಸಿಬಿ, 9 ಕೋಟಿ ರೂಪಾಯಿ ಬೆಲೆಯ 31 ಬಿಟ್‌ಕಾಯಿನ್ ವಶಪಡಿಸಿಕೊಂಡಿದ್ದಾಗಿ ಹೇಳಿತ್ತು. ನವೆಂಬರ್‌ನ ಪ್ರಕಟಣೆ ಹೇಳಿದ್ದು ಬೇರೆ. ಆರೋಪಿ ತನ್ನದು ಎಂದು ತೋರಿಸಿದ ವ್ಯಾಲೆಟ್‌ನಲ್ಲಿ 31.8 ಬಿಟ್‌ಕಾಯಿನ್ ಕಂಡಿತ್ತು. ಸೈಬರ್ ತಜ್ಞರು ಮತ್ತು ಸರ್ಕಾರಿ ಪಂಚರ ಎದುರಿನಲ್ಲಿ ಅದರ ಪಾಸ್‌ವರ್ಡ್ ಬದಲಾಯಿಸಲಾಯಿತು. ಮುಂದೆ ಇಲಾಖೆಯ ಖಾತೆಗೆ ವರ್ಗಾಯಿಸಿಕೊಳ್ಳಲು ಹೋದಾಗ ಅಲ್ಲಿ 186.811 ಬಿಟ್‌ಕಾಯಿನ್ ಕಾಣಿಸಿತು. ಇದು ಆರೋಪಿಯ ಸ್ವಂತ ಖಾತೆಯಲ್ಲ, ಯಾವುದೋ ಕ್ರಿಪ್ಟೊ ಎಕ್ಸ್‌ಚೇಂಜಿನ ಚಾಲ್ತಿ ವ್ಯಾಲೆಟ್, ಇದರ ಪ್ರೈವೇಟ್ ಕೀ ಆತನ ಬಳಿ ಇಲ್ಲ ಎಂದು ತಜ್ಞರು ಅಭಿಪ್ರಾಯ ಕೊಟ್ಟರು. ಪೊಲೀಸರು ಅದನ್ನು ಮುಟ್ಟದೆ ಬಿಟ್ಟರು.

ಕಣ್ಣೆದುರಿಗಿದ್ದ ಹಣ ಅದು. ಪಾಸ್‌ವರ್ಡ್ ಕೂಡ ಕೈಗೆ ಬಂದಿದೆ ಎಂದುಕೊಂಡಿದ್ದ ಹಣ. ಆದರೂ ಒಂದು ಪೈಸೆಯಷ್ಟೂ ಅಲುಗಲಿಲ್ಲ. ಪ್ರಕರಣದ ಉಳಿದ ಪ್ರಶ್ನೆಗಳು, ತನಿಖೆ ಮಾಡಿದವರ ಮೇಲೆಯೇ ಎದ್ದ ಪ್ರಶ್ನೆಗಳೂ ಸೇರಿ, 2023ರಲ್ಲಿ ರಚನೆಯಾದ ವಿಶೇಷ ತನಿಖಾ ತಂಡ ಎಸ್‌ಐಟಿಗೆ ಮತ್ತು ನ್ಯಾಯಾಲಯಕ್ಕೆ ಸೇರಿದ್ದು. ನಾನು ಹಿಡಿದುಕೊಳ್ಳುವುದು ಒಂದೇ ಎಳೆಯನ್ನು: ವ್ಯಾಲೆಟ್ ಕಾಣುವುದು ಬೇರೆ, ಅದರ ಕೀ ಕೈಯಲ್ಲಿರುವುದು ಬೇರೆ. ಇದು ನಮ್ಮ ರಾಜಧಾನಿಯಲ್ಲಿ, ಪೊಲೀಸ್ ಕಡತದಲ್ಲೇ ದಾಖಲಾಗಿರುವ ಮಾತು. ಅಲ್ಲಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದ ಬಾಶೆಟ್ಟಿಹಳ್ಳಿಗೆ ಅದು ಬಂದು ತಲುಪಿಲ್ಲ ಎಂಬುದೇ ನನ್ನ ಸಂಕಟ.

ದೊಡ್ಡಬಳ್ಳಾಪುರಕ್ಕೆ ಅಂಟಿಕೊಂಡಿರುವ ಬಾಶೆಟ್ಟಿಹಳ್ಳಿ ಈಗ ಪಟ್ಟಣ ಪಂಚಾಯಿತಿ. ಕೈಗಾರಿಕಾ ಪ್ರದೇಶ, ಹತ್ತಿರದಲ್ಲೇ ಅಪೆರಲ್ ಪಾರ್ಕ್, ಅವುಗಳ ಸುತ್ತ ಸಾಲು ಸಾಲು ಬಾಡಿಗೆ ಕೋಣೆಗಳು. ತಾಲ್ಲೂಕಿನ ಹುಡುಗರ ಜೊತೆಗೆ ಉತ್ತರ ಕರ್ನಾಟಕದಿಂದ, ಬಿಹಾರ, ಒಡಿಶಾದಿಂದ ಬಂದವರು ನಾಲ್ಕೈದು ಜನ ಸೇರಿ ಒಂದು ಕೋಣೆ ಹಿಡಿಯುತ್ತಾರೆ. ಸಂಬಳದಲ್ಲಿ ಬಾಡಿಗೆ, ಊಟ, ಊರಿಗೆ ಕಳಿಸುವ ದುಡ್ಡು ಕಳೆದು ಉಳಿಯುವುದು ಎಷ್ಟು ಎಂದು ಕೇಳುವುದೇ ಬೇಡ. ಶಿಫ್ಟ್ ಮುಗಿದ ಮೇಲೆ ಜೊತೆಗಿರುವುದು ಮೊಬೈಲ್. ಅದರಲ್ಲಿ ಟೆಲಿಗ್ರಾಂ. ಅದರಲ್ಲಿ ಈಚೆಗೆ ಓಡಾಡುತ್ತಿರುವ ಸಂದೇಶ: ವ್ಯಾಲೆಟ್ ಲೀಕ್ ಆಗಿದೆ, ಕೀ ಇಲ್ಲಿದೆ, ಮೊದಲು ಬಂದವರಿಗೆ.

ಫ್ಯಾಕ್ಟರಿ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಪರಿಚಯದ ಹುಡುಗನೊಬ್ಬ ಇಂಥದ್ದೊಂದನ್ನು ನನಗೆ ತೋರಿಸಿದ. ಯಾರೋ ಹೊಸಬರು ಸಹಾಯ ಕೇಳಿದಂತೆ ಬರೆದ ಸಂದೇಶ. ನನ್ನ ವ್ಯಾಲೆಟ್‌ನಲ್ಲಿ ಯುಎಸ್‌ಡಿಟಿ (ಡಾಲರಿಗೆ ಸಮನಾದ ಕ್ರಿಪ್ಟೊ ನಾಣ್ಯ) ಇದೆ, ಹೇಗೆ ತೆಗೆಯುವುದು ಗೊತ್ತಾಗುತ್ತಿಲ್ಲ, ನನ್ನ ಸೀಡ್ ಫ್ರೇಸ್ ಇದು ಎಂದು ಹನ್ನೆರಡು ಇಂಗ್ಲಿಷ್ ಪದ. ಹುಡುಗ ಅವನ್ನು ಒಂದೊಂದಾಗಿ ಆ್ಯಪ್‌ನಲ್ಲಿ ಒತ್ತಿದ್ದ. ಪರದೆಯ ಮೇಲೆ ಸಾವಿರಾರು ಡಾಲರಿನ ಬ್ಯಾಲೆನ್ಸ್ ನಿಜಕ್ಕೂ ಬಂದು ನಿಂತಿತ್ತು. ಕಳಿಸು ಎಂದು ಒತ್ತಿದರೆ ಕೆಳಗೆ ಕೆಂಪಕ್ಷರದಲ್ಲಿ ಒಂದು ಸಾಲು: ಫೀಸಿಗೆ ಟಿಆರ್‌ಎಕ್ಸ್ ಸಾಲದು.

‘ಅಣ್ಣ, ಯಾರೋ ಪಾಪ ತಿಳೀದೆ ಹಾಕ್ಬುಟ್ಟವ್ನೆ. ದುಡ್ಡಂತೂ ಐತೆ, ನೋಡಿ ಇಲ್ಲೇ ಕಾಣ್ತೈತೆ. ಫೀಸಿಗೆ ಒಂದಿಷ್ಟು ಹಾಕಿದ್ರೆ ಆಯ್ತು’ ಅಂದ. ಕೋಣೆಯವರೆಲ್ಲ ಸೇರಿ ಹಾಕೋಣ ಅಂತ ಮಾತಾಗಿತ್ತಂತೆ. ‘ಇವತ್ತು ಏನೂ ಹಾಕಬೇಡಪ್ಪ, ಮೊದಲು ಇದು ಹೇಗೆ ಅಂತ ಕೂತು ನೋಡೋಣ’ ಅಂದೆ. ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಘಾಟಿ ಸುಬ್ರಹ್ಮಣ್ಯದ ಹುಂಡಿಯನ್ನು ಈ ಸೀಮೆಯವರೆಲ್ಲ ನೋಡಿದ್ದಾರೆ. ಯಾರು ಬೇಕಾದರೂ ಅದರೊಳಗೆ ಹಾಕಬಹುದು. ತೆಗೆಯಲು ಕೀಲಿ ಬೇಕು. ಬಿಟ್‌ಕಾಯಿನ್ ವಿಳಾಸವೂ ಹಾಗೆಯೇ, ಒಂದು ವ್ಯತ್ಯಾಸ ಬಿಟ್ಟು: ಈ ಹುಂಡಿ ಗಾಜಿನದು. ಒಳಗೆ ಎಷ್ಟಿದೆ, ಯಾವಾಗ ಬಂತು, ಯಾವಾಗ ಹೋಯಿತು ಎಂಬುದನ್ನು ಲೋಕದ ಯಾರು ಬೇಕಾದರೂ ನೋಡಬಹುದು. ಬ್ಲಾಕ್‌ಚೈನ್ ಎಂಬ ಬಹಿರಂಗ ಲೆಕ್ಕದ ಪುಸ್ತಕ ಇರುವುದೇ ಅದಕ್ಕೆ. ಆದ್ದರಿಂದ ಇನ್ನೊಬ್ಬರ ದೊಡ್ಡ ಮೊತ್ತವನ್ನು ನಮ್ಮ ಪರದೆಯ ಮೇಲೆ ತೋರಿಸುವುದು ಕಷ್ಟದ ಕೆಲಸವೇ ಅಲ್ಲ. ಬಿಟ್‌ಕಾಯಿನ್ ಕೋರ್ ಎಂಬ ಮೂಲ ತಂತ್ರಾಂಶದಲ್ಲೇ ಯಾರದ್ದೋ ವಿಳಾಸವನ್ನು ನೋಡುವುದಕ್ಕೆಂದು ಮಾತ್ರ ಸೇರಿಸಿಕೊಳ್ಳುವ ಸೌಲಭ್ಯವಿದೆ. ಬ್ಯಾಲೆನ್ಸ್ ಕಾಣುತ್ತದೆ, ಕಳಿಸಲು ಬರುವುದಿಲ್ಲ.

ಪ್ರೈವೇಟ್ ಕೀ ಎಂದರೆ ಒಂದು ಸಂಖ್ಯೆ, ಅಷ್ಟೇ. 256 ಬಿಟ್ ಉದ್ದದ ಸಂಖ್ಯೆ. ಅದರಿಂದ ಗಣಿತದ ಮೂಲಕ ಪಬ್ಲಿಕ್ ಕೀ ಹುಟ್ಟುತ್ತದೆ, ಪಬ್ಲಿಕ್ ಕೀಯಿಂದ ವಿಳಾಸ ಹುಟ್ಟುತ್ತದೆ. ಮುಂದಕ್ಕೆ ಹೋಗುವ ದಾರಿ ಒಂದು ಕ್ಷಣದ್ದು. ವಿಳಾಸ ಹಿಡಿದು ಹಿಂದಕ್ಕೆ ಬರುವ ದಾರಿ ಇಂದಿನ ಯಾವ ಕಂಪ್ಯೂಟರಿಗೂ ಇಲ್ಲ. ಸೀಡ್ ಫ್ರೇಸ್‌ನ ಹನ್ನೆರಡೋ ಇಪ್ಪತ್ನಾಲ್ಕೋ ಪದಗಳು ಈ ಸಂಖ್ಯೆಗಳನ್ನು ಮನುಷ್ಯರು ಬರೆದಿಟ್ಟುಕೊಳ್ಳಲು ಅನುಕೂಲವಾಗಲಿ ಎಂದು 2,048 ಪದಗಳ ಒಂದು ನಿಗದಿತ ಪಟ್ಟಿಯಿಂದ ಆರಿಸಿದ್ದು. ಆ ಪದಗಳನ್ನು ಬಲ್ಲವನೇ ಒಡೆಯ. ಬ್ಯಾಂಕಿನ ಮ್ಯಾನೇಜರ್ ಇಲ್ಲ, ಸಹಿ ಹೋಲಿಸಿ ನೋಡುವವರಿಲ್ಲ, ತಪ್ಪಾಗಿ ಹೋದ ಹಣವನ್ನು ವಾಪಸ್ ತರಿಸುವ ಶಾಖೆಯೂ ಇಲ್ಲ.

ಇಲ್ಲಿಂದ ಹುಟ್ಟುತ್ತದೆ ಇನ್ನೊಂದು ದೊಡ್ಡ ಭ್ರಮೆ. ಎಲ್ಲ ಬಿಟ್‌ಕಾಯಿನ್ ಕೀಗಳೂ ಅಂತರ್ಜಾಲದಲ್ಲಿ ಪುಟಪುಟವಾಗಿ ಬಹಿರಂಗವಾಗಿವೆ, ತಾಳ್ಮೆಯಿಂದ ತಿರುವಿ ಹಾಕಿದರೆ ಯಾರದ್ದಾದರೂ ಹಣ ಸಿಕ್ಕೇ ಸಿಗುತ್ತದೆ ಎಂಬುದು. ಅಂಥ ಪುಟಗಳು ಇವೆ, ಅದು ಸುಳ್ಳಲ್ಲ. ಪುಟದ ಸಂಖ್ಯೆ ಕೊಟ್ಟರೆ ಆ ಪುಟದ ಕೀಗಳು ಬಂದು ನಿಲ್ಲುತ್ತವೆ. ಆದರೆ ಎಲ್ಲೂ ಪಟ್ಟಿ ಮಾಡಿ ಇಟ್ಟಿರುವುದಲ್ಲ ಅದು. ಕೇಳಿದ ಕ್ಷಣದಲ್ಲಿ ಒಂದು, ಎರಡು, ಮೂರು ಎಂದು ಎಣಿಸಿ ತೋರಿಸುವ ಲೆಕ್ಕ. ನಿಮ್ಮ ಕೀ, ನನ್ನ ಕೀ ಎಲ್ಲವೂ ಆ ಎಣಿಕೆಯಲ್ಲಿ ಎಲ್ಲೋ ಇದ್ದೇ ಇವೆ. ಹತ್ತು ಅಂಕಿಯ ಎಲ್ಲ ಸಂಖ್ಯೆಗಳನ್ನೂ ಅಚ್ಚು ಹಾಕಿದವನು ಎಲ್ಲರ ಮೊಬೈಲ್ ನಂಬರನ್ನೂ ಸೋರಿಸಿದಂತಾಗುವುದಿಲ್ಲ; ಯಾವುದು ಯಾರದ್ದು ಎಂದು ಅವನಿಗೂ ಗೊತ್ತಿಲ್ಲ.

ಎಣಿಕೆಯ ಗಾತ್ರವನ್ನು ಒಮ್ಮೆ ನೋಡಬೇಕು, ಏಕೆಂದರೆ ಭ್ರಮೆ ಒಡೆಯುವುದು ಅಲ್ಲೇ. ಒಟ್ಟು ಕೀಗಳ ಸಂಖ್ಯೆ 78 ಅಂಕಿ ಉದ್ದ. ಇಡೀ ಭೂಮಿಯಲ್ಲಿರುವ ಪರಮಾಣುಗಳನ್ನು ಎಣಿಸಿದರೆ ಸುಮಾರು 51 ಅಂಕಿಯ ಸಂಖ್ಯೆ ಬರುತ್ತದೆ. ಪುಟಕ್ಕೆ 128 ಕೀಯಂತೆ ಬರೆದರೂ ಕೊನೆಯ ಪುಟದ ಸಂಖ್ಯೆಯೇ 75 ಅಂಕಿ. ಲೆಕ್ಕ ಬಲ್ಲವರು ಇಲ್ಲಿ ಒಂದು ತಕರಾರು ತೆಗೆಯುತ್ತಾರೆ, ನ್ಯಾಯವಾದ ತಕರಾರೇ: ಇಂಥವರದ್ದೇ ಕೀ ಬೇಕೆಂದಿಲ್ಲ, ಯಾರದ್ದಾದರೂ ಸರಿ, ಜೊತೆಗೆ ಬಿಟ್‌ಕಾಯಿನ್‌ನ ಹಳೆಯ ಮಾದರಿಯ ವಿಳಾಸಕ್ಕೆ 160 ಬಿಟ್ ಮಾತ್ರ. ಆಯಿತು, ಆ ರಿಯಾಯಿತಿ ಕೊಡೋಣ. ಹಣವಿರುವ ವಿಳಾಸ 5 ಕೋಟಿ ಎಂದು ಇಟ್ಟುಕೊಳ್ಳೋಣ. ಸೆಕೆಂಡಿಗೆ ಒಂದು ಲಕ್ಷ ಕೋಟಿ ಕೀಗಳನ್ನು ಪರೀಕ್ಷಿಸುವ ಯಂತ್ರವನ್ನೂ ಕೊಡೋಣ. ಅಷ್ಟು ಕೊಟ್ಟರೂ ಒಂದೇ ಒಂದು ವ್ಯಾಲೆಟ್ ಸಿಗಲು ಬೇಕಾಗುವ ಕಾಲ, ವಿಶ್ವ ಹುಟ್ಟಿ ಇವತ್ತಿನವರೆಗೆ ಕಳೆದ 1,380 ಕೋಟಿ ವರ್ಷಗಳ ಆರು ಸಾವಿರ ಕೋಟಿ ಪಟ್ಟಿಗೂ ಹೆಚ್ಚು.

ಲೆಕ್ಕ ಬೇಡ ಎನ್ನುವವರಿಗೆ ವೇಲ್ಸ್‌ನ ಜೇಮ್ಸ್ ಹೋವೆಲ್ಸ್ ಇದ್ದಾರೆ. ಸುಮಾರು 8,000 ಬಿಟ್‌ಕಾಯಿನ್‌ನ ಕೀ ಇದ್ದ ಹಾರ್ಡ್‌ಡಿಸ್ಕ್ 2013ರಲ್ಲಿ ಕಸದ ಜೊತೆ ನ್ಯೂಪೋರ್ಟ್ ನಗರದ ಕಸದ ಗುಡ್ಡೆ ಸೇರಿತು. ಆ ಗುಡ್ಡೆ ಅಗೆಯಲು ಬಿಡಿ ಎಂದು ವರ್ಷಗಟ್ಟಲೆ ನಗರಾಡಳಿತದ ಹಿಂದೆ ಬಿದ್ದು, ಕೋರ್ಟಿಗೂ ಹೋದರು. 2025ರ ಜನವರಿಯಲ್ಲಿ ಅಲ್ಲಿನ ಹೈಕೋರ್ಟ್ ಆ ದಾವೆಯನ್ನು ವಜಾ ಮಾಡಿತು. ತನ್ನದೇ ಹಣ, ತನ್ನದೇ ವಿಳಾಸ. ಅದರ ಕೀಯನ್ನು ಪುಟ ತಿರುವಿ ಹುಡುಕಲು ಸಾಧ್ಯವಿದ್ದಿದ್ದರೆ ಆ ಮನುಷ್ಯ ಹನ್ನೆರಡು ವರ್ಷ ಕಸದ ಗುಡ್ಡೆಯ ಮುಂದೆ ಏಕೆ ನಿಲ್ಲುತ್ತಿದ್ದರು?

ಹಾಗಾದರೆ ಕೀ ಎಂದೂ ಬಯಲಾಗುವುದೇ ಇಲ್ಲವೇ? ಹಾಗೆ ಹೇಳಿದರೆ ಅದೂ ಸುಳ್ಳಾಗುತ್ತದೆ, ಮತ್ತು ಅಪಾಯದ ಸುಳ್ಳು. ಮೇಲಿನ ಲೆಕ್ಕವೆಲ್ಲ ನಿಂತಿರುವುದು ಕೀಯನ್ನು ನಿಜವಾಗಿಯೂ ಕುರುಡಾಗಿ ಆರಿಸಿದ್ದರೆ ಎಂಬ ಒಂದು ಷರತ್ತಿನ ಮೇಲೆ. ಷರತ್ತು ಮುರಿದಾಗಲೆಲ್ಲ ಹಣ ಹೋಗಿದೆ. 2013ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್ ಫೋನುಗಳ ಯಾದೃಚ್ಛಿಕ ಸಂಖ್ಯೆ ತಯಾರಿಸುವ ಭಾಗದಲ್ಲೇ ದೋಷವಿದೆ ಎಂದು ಗೊತ್ತಾಗಿ, ಆ ಫೋನುಗಳಲ್ಲಿ ಹುಟ್ಟಿದ ಬಿಟ್‌ಕಾಯಿನ್ ವ್ಯಾಲೆಟ್‌ಗಳೆಲ್ಲ ಅಭದ್ರವಾದವು. 2019ರಲ್ಲಿ ಅಮೆರಿಕದ ಭದ್ರತಾ ಸಂಶೋಧಕರು ಎಥೀರಿಯಂ ಎಂಬ ಇನ್ನೊಂದು ಕ್ರಿಪ್ಟೊ ಜಾಲದಲ್ಲಿ ಬಳಕೆಯಾಗಿದ್ದ 732 ಕೀಗಳನ್ನು ಬರೀ ಊಹೆಯಿಂದ ಪತ್ತೆ ಮಾಡಿದರು. ಒಂದು, ಎರಡು ಎಂಬಂಥ ಸಣ್ಣ ಸಂಖ್ಯೆಗಳನ್ನೇ ಕೀ ಮಾಡಿಕೊಂಡವರಿದ್ದರು. ತಂತ್ರಾಂಶದ ತಪ್ಪಿನಿಂದ ಹಾಗಾದದ್ದೂ ಇತ್ತು. ಅವರಿಗಿಂತ ಮೊದಲೇ ಆ ದಾರಿ ಹಿಡಿದಿದ್ದ ಕಳ್ಳನೊಬ್ಬ ಆ ಜಾಲದ ಸುಮಾರು 45,000 ಈಥರ್ ನಾಣ್ಯ ಗುಡ್ಡೆ ಹಾಕಿಕೊಂಡಿದ್ದ. 2023ರಲ್ಲಿ ಬಯಲಾದ ‘ಮಿಲ್ಕ್ ಸ್ಯಾಡ್’ ದೋಷವಂತೂ ಬಲ್ಲವರನ್ನೇ ಬೆಚ್ಚಿಬೀಳಿಸಿತು. ಕೀ ತಯಾರಿಸುವ ಒಂದು ಉಪಕರಣ 256 ಬಿಟ್‌ನ ಕೀ ಕೊಡುತ್ತಿದ್ದರೂ ಅದನ್ನು ಆರಿಸುತ್ತಿದ್ದುದು 32 ಬಿಟ್‌ನ ಬೀಜದಿಂದ. ಅಂದರೆ ಒಟ್ಟು ಸಾಧ್ಯತೆ 429 ಕೋಟಿ ಮಾತ್ರ. ಒಳ್ಳೆಯ ಕಂಪ್ಯೂಟರ್ ಒಂದು ದಿನದೊಳಗೆ ಜಾಲಾಡಿ ಮುಗಿಸುವ ಕೆಲಸ. ಹಾಡಿನ ಸಾಲು, ಮಗಳ ಹೆಸರು, ಹುಟ್ಟಿದ ದಿನ ಸೇರಿಸಿ ತಾವೇ ಕೀ ಕಟ್ಟಿಕೊಂಡವರ ಹಣವೂ ಹೀಗೆಯೇ ಹೋಗಿದೆ. ಆದ್ದರಿಂದ ಕೀಯನ್ನು ತಲೆಯಿಂದ ಹುಟ್ಟಿಸಬಾರದು, ಹೆಸರು ಕೇಳದ ಆ್ಯಪ್‌ನಿಂದಲೂ ಹುಟ್ಟಿಸಬಾರದು.

ಆದರೂ ಗಣಿತದ ಬಿರುಕಿನಿಂದ ಹೋದದ್ದಕ್ಕಿಂತ ಮನುಷ್ಯರ ಕೈಯಿಂದ ಜಾರಿ ಹೋದದ್ದನ್ನು ನೋಡಿದರೆ ನಮಗೆ ಬೇಕಾದ ಪಾಠ ಸಿಗುತ್ತದೆ. ಬಿಟ್‌ಫಿನೆಕ್ಸ್ ಎಕ್ಸ್‌ಚೇಂಜಿನಿಂದ 2016ರ ಆಗಸ್ಟ್‌ನಲ್ಲಿ 119,754 ಬಿಟ್‌ಕಾಯಿನ್ ಕಳುವಾಯಿತು. ಅಲ್ಲಿಗೆ ನುಗ್ಗಿದ್ದು ತಾನೇ ಎಂದು ನಮ್ಮ ಬೆಂಗಳೂರಿನ ಆರೋಪಿ ಶ್ರೀಕಿಯೂ ಹೇಳಿಕೊಂಡಿದ್ದುಂಟು. ಆದರೆ 2023ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಆ ಕೃತ್ಯವನ್ನು ಒಪ್ಪಿಕೊಂಡವನು ಇಲ್ಯಾ ಲಿಕ್ಟೆನ್‌ಸ್ಟೈನ್. ಕದ್ದ ನಾಣ್ಯಗಳು ಯಾವ ವಿಳಾಸದಲ್ಲಿವೆ ಎಂದು ಇಡೀ ಲೋಕ ಐದೂವರೆ ವರ್ಷ ನೋಡುತ್ತಲೇ ಇತ್ತು, ಕೀ ಇದ್ದ ಕಳ್ಳನನ್ನು ಬಿಟ್ಟು ಯಾರಿಂದಲೂ ಮುಟ್ಟಲಾಗಲಿಲ್ಲ. ಅಮೆರಿಕದ ಅಧಿಕಾರಿಗಳು ವಾರಂಟ್ ಪಡೆದು ಅವನ ಕ್ಲೌಡ್ ಖಾತೆಯನ್ನು ಶೋಧಿಸಿ, ಗೂಢಲಿಪಿಯಲ್ಲಿದ್ದ ಒಂದು ಫೈಲ್ ಬಿಡಿಸಿದಾಗ ಎರಡು ಸಾವಿರಕ್ಕೂ ಹೆಚ್ಚು ವಿಳಾಸ ಮತ್ತು ಅವುಗಳ ಕೀಗಳು ಸಿಕ್ಕವು. 2022ರ ಫೆಬ್ರುವರಿಯಲ್ಲಿ 94,000ಕ್ಕೂ ಹೆಚ್ಚು ಬಿಟ್‌ಕಾಯಿನ್ ಸರ್ಕಾರದ ವಶಕ್ಕೆ ಬಂತು. ಆ ಫೈಲ್ ಸಿಗದೇ ಹೋಗಿದ್ದರೆ ಅವರೂ ನಮ್ಮ ಪೊಲೀಸರಂತೆ ಪರದೆ ನೋಡಿಕೊಂಡೇ ಕೂರಬೇಕಿತ್ತು.

ಇನ್ನೊಂದು ಹತ್ತಿರದ್ದು. 2025ರ ಜುಲೈನಲ್ಲಿ ಕ್ರಿಪ್ಟೊ ವಹಿವಾಟಿನ ಕಾಯಿನ್‌ಡಿಸಿಎಕ್ಸ್ ಸಂಸ್ಥೆಯ ಆಂತರಿಕ ಖಾತೆಯೊಂದರಿಂದ ಸುಮಾರು 4.4 ಕೋಟಿ ಡಾಲರ್ ಹೋಯಿತು. ಬೆಂಗಳೂರು ಪೊಲೀಸರು ಅದೇ ಸಂಸ್ಥೆಯ ಎಂಜಿನಿಯರ್ ಒಬ್ಬರನ್ನು ಬಂಧಿಸಿದರು. ಪಾರ್ಟ್‌ಟೈಮ್ ಕೆಲಸದ ಆಮಿಷ ತೋರಿಸಿದವರು ಅವರ ಕಚೇರಿ ಲ್ಯಾಪ್‌ಟಾಪ್ ಮೂಲಕವೇ ಒಳಗೆ ನುಗ್ಗಿದ್ದಾರೆ ಎಂಬುದು ಪೊಲೀಸರ ಶಂಕೆ. ಕೋಟ್ಯಂತರ ಖರ್ಚಿನ ಭದ್ರತೆಯ ಪಕ್ಕದಲ್ಲೇ ಕೂತಿದ್ದ ಒಬ್ಬರಿಗೆ ಬಂದ ಆಮಿಷಕ್ಕೂ ಬಾಶೆಟ್ಟಿಹಳ್ಳಿಯ ಕೋಣೆಗೆ ಬರುವ ಆಮಿಷಕ್ಕೂ ಜಾತಿ ಒಂದೇ.

ಇನ್ನು ಹುಡುಗ ತೋರಿಸಿದ ಆ ಹನ್ನೆರಡು ಪದಗಳ ವ್ಯಾಲೆಟ್ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಿ. ಪದಗಳು ನಿಜ, ಹಣವೂ ನಿಜ. ಟ್ರಾನ್ ಜಾಲದಲ್ಲಿ ಯುಎಸ್‌ಡಿಟಿ ಕಳಿಸಬೇಕಾದರೆ ಫೀಸನ್ನು ಟಿಆರ್‌ಎಕ್ಸ್ ನಾಣ್ಯದಲ್ಲೇ ಕೊಡಬೇಕು. ಆ ವ್ಯಾಲೆಟ್‌ನಲ್ಲಿ ಟಿಆರ್‌ಎಕ್ಸ್ ಇರದಂತೆ ನೋಡಿಕೊಂಡಿರುತ್ತಾರೆ. ಆಸೆಬಿದ್ದವನು ಕೆಲವು ನೂರು ರೂಪಾಯಿಯ ಟಿಆರ್‌ಎಕ್ಸ್ ಕೊಂಡು ಕಳಿಸಿದ ಕ್ಷಣಕ್ಕೇ ಕಾದು ಕೂತ ಪ್ರೋಗ್ರಾಂ ಅದನ್ನು ಬೇರೆಡೆಗೆ ಎಳೆದುಕೊಳ್ಳುತ್ತದೆ. ಮನುಷ್ಯನ ಬೆರಳಿಗಿಂತ ಅದರ ವೇಗ ಹೆಚ್ಚು. ಇನ್ನೊಂದು ಬಗೆ ಇನ್ನೂ ಕ್ರೂರ. ಟ್ರಾನ್ ಖಾತೆಯ ಅನುಮತಿಗಳನ್ನು ಮೊದಲೇ ಬದಲಾಯಿಸಿ, ಹಣ ಹೊರಗೆ ಕಳಿಸಲು ಇನ್ನೊಂದು ಸಹಿಯೂ ಬೇಕು ಎಂದು ಮಾಡಿಟ್ಟಿರುತ್ತಾರೆ. ಆ ಇನ್ನೊಂದು ಕೀ ಇರುವುದು ವಂಚಕನ ಹತ್ತಿರ. ಫೀಸು ಕಮ್ಮಿ ಬಿತ್ತೇನೋ ಎಂದು ಹುಡುಗರು ಮತ್ತೆ ಹಾಕುತ್ತಾರೆ, ಮತ್ತೆ ಹಾಕುತ್ತಾರೆ. ಯುಎಸ್‌ಡಿಟಿ ಕೂತಲ್ಲೇ ಕೂತಿರುತ್ತದೆ, ಮುಂದಿನವನಿಗೆ ಕಾಣಲಿ ಎಂದು. ಕ್ಯಾಸ್ಪರ್‌ಸ್ಕಿ ಭದ್ರತಾ ಸಂಸ್ಥೆ 2024ರ ಡಿಸೆಂಬರ್‌ನಲ್ಲೇ ಈ ಬಗ್ಗೆ ಎಚ್ಚರಿಸಿತ್ತು.

ಒಬ್ಬೊಬ್ಬರಿಂದ ಹೋಗುವುದು ಸಣ್ಣ ಮೊತ್ತ. ಅದೇ ಈ ವಂಚನೆಯ ಬಲ. ಅದಕ್ಕಿಂತ ದೊಡ್ಡ ಬಲ ನಾಚಿಕೆ. ಇನ್ನೊಬ್ಬರ ಹಣ ತೆಗೆಯಲು ಹೋಗಿ ನನ್ನದು ಕಳೆದುಕೊಂಡೆ ಎಂದು ಠಾಣೆಯಲ್ಲಿ ಹೇಗೆ ಹೇಳುವುದು? ಹೇಳುವುದಿಲ್ಲ. ಪಕ್ಕದ ಹಾಸಿಗೆಯವನಿಗೂ ಹೇಳುವುದಿಲ್ಲ. ಅದೇ ವಾರ ಅದೇ ಗಾಳ ಅವನ ಬಾಯಿಗೂ ಬೀಳುತ್ತದೆ. ದೂರು ಬಾರದೆ ಹೋದರೆ ಪೊಲೀಸರ ಲೆಕ್ಕದಲ್ಲಿ ಇಂಥದ್ದೊಂದು ನಡೆದೇ ಇಲ್ಲ. ಆ ಹುಡುಗರನ್ನು ಕಳ್ಳರು ಎಂದು ಕರೆಯಲು ನನಗೆ ಮನಸ್ಸಿಲ್ಲ. ಆಸೆ ಪಟ್ಟದ್ದು ತಪ್ಪೇ ಇರಬಹುದು. ಆದರೆ ಆ ಆಸೆಯನ್ನೇ ಅಳತೆ ಮಾಡಿ ಗಾಳ ಹೊಸೆದವನ ಅಪರಾಧದ ಮುಂದೆ ಅದು ಎಷ್ಟರದು? ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಠಾಣೆಯ ಮೇಜಿನ ಆಚೆ ಕೂತವರು ಗದರಿಸದೆ ಕೇಳಿಸಿಕೊಂಡರೆ ಅರ್ಧ ಕೆಲಸ ಆದಂತೆ. ಕಾರ್ಖಾನೆಗಳ ಎಚ್‌ಆರ್‌ನವರು ಸುರಕ್ಷತೆಯ ತರಗತಿಯಲ್ಲಿ ಹೆಲ್ಮೆಟ್, ಗ್ಲೌಸಿನ ಮಾತಿನ ಜೊತೆ ಇದನ್ನೂ ಹತ್ತು ನಿಮಿಷ, ಕನ್ನಡದಲ್ಲಿ ಮತ್ತು ಹಿಂದಿಯಲ್ಲಿ, ಹೇಳಬಹುದು.

ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬರೀ ವಂಚನೆಯಾಯಿತು ಎಂದರೆ ಸಾಲದು. ಸಂದೇಶದ ಸ್ಕ್ರೀನ್‌ಶಾಟ್, ಕಳಿಸಿದ ಗುಂಪಿನ ಹೆಸರು, ಟಿಆರ್‌ಎಕ್ಸ್ ಹೋದ ವಿಳಾಸ (ಇಂಗ್ಲಿಷಿನ ಟಿ ಅಕ್ಷರದಿಂದ ಶುರುವಾಗುತ್ತದೆ), 64 ಅಕ್ಷರಗಳ ಟ್ರಾನ್ಸಾಕ್ಷನ್ ಐಡಿ ಇವೆಲ್ಲ ಬೇಕು. ಟಿಆರ್‌ಎಕ್ಸ್ ಕೊಳ್ಳಲು ಯಾರಿಗಾದರೂ ಯುಪಿಐ ಮೂಲಕ ದುಡ್ಡು ಹಾಕಿದ್ದರೆ ಅದರ 12 ಅಂಕಿಯ ರೆಫರೆನ್ಸ್ ನಂಬರ್ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಬ್ಯಾಂಕು ತಡೆ ಹಿಡಿಯಬಲ್ಲದ್ದು ಅಷ್ಟನ್ನೇ. ಟೆಲಿಗ್ರಾಂ ಗುಂಪಿನಿಂದ ಸಿಟ್ಟಿನಲ್ಲಿ ಹೊರಗೆ ಬಂದು ಚಾಟ್ ಅಳಿಸಿಬಿಟ್ಟರೆ ಇವುಗಳಲ್ಲಿ ಅರ್ಧ ಸಾಕ್ಷ್ಯ ಅಳಿಸಿ ಹೋಗುತ್ತದೆ. ಮೊದಲು ಉಳಿಸಿಕೊಂಡು, ಕೋಣೆಯವರಿಗೆಲ್ಲ ತೋರಿಸಿ, ಆಮೇಲೆ ಹೊರಬನ್ನಿ.